ಬೂದಿಯ ಮೇಲೆ ಹಿಂಗೈ

"ನಲ್ಲಿ ಮುಟ್‌ಬೇಡ್ರೋ ಕಳ್ ನನ್ಮಕ್ಳಾ. ಇದೇನ್ ನಿಮ್ಮ ಜೈಲಾ?"

ದ್ರಾಕ್ಷಿ ತೋಟದ ಧಣಿ ಹಾಲ್ವರ್ಸನ್ ಹೀಗೆಂದು ನಲ್ಲಿಯ ಪೆಟ್ಟಿಗೆಗೆ ಬೀಗ ಜಡಿದು ಕೀಲಿ ಜೇಬಿಗಿಳಿಸಿದ. ಗುಡ್ಡದ ಬೆಂಕಿ ಅವನ ಮನೆ ತಲುಪದಂತೆ ಬೆಳಗಿನಿಂದ ನೆಲ ಕೆರೆದವರು ಈ ಕಿತ್ತಳೆ ಅಂಗಿಯ ಹುಡುಗರೇ. ಕ್ಯಾಲಿಫೋರ್ನಿಯಾದ ಬಾಲಾಪರಾಧಿಗಳ ಕಾಡು ಶಿಬಿರದವರು. ಯಾರು ಏನು ಕದ್ದವರೆಂದು ಬೆಂಕಿ ಕೇಳಿರಲಿಲ್ಲ.

ತಂಡದ ಮೇಲ್ವಿಚಾರಕ ಕ್ಯಾಪ್ಟನ್ ಡೀಕನ್‌ನದೂ ಸೇರಿ, ತಂದ ನೀರೆಲ್ಲ ಮುಗಿದಿತ್ತು. ಹುಡುಗರಲ್ಲೊಬ್ಬನಾದ ಟೆರಿಯನ್ ವಾಂತಿ ಮಾಡಿಕೊಂಡು ಬೇಲಿಗೊರಗಿದ್ದ. ಅಷ್ಟು ಕಾವಿನಲ್ಲೂ ಅವನ ಮೈ ಬೆವರುವುದನ್ನು ನಿಲ್ಲಿಸಿತ್ತು. ಪಕ್ಕದಲ್ಲಿ ನೋಡುತ್ತಿದ್ದ ಜೊತೆಗಾರ ಇಸಿದ್ರೊಗೆ ನಿಜವಾಗಿಯೂ ಭಯವಾಯಿತು.

"ಸಾರ್, ಇವನಿಗೆ ಒಂದ್ ಬಾಟ್ಲಿ ನೀರು," ಎಂದ ಧಣಿಗೆ.

"ನಿಮ್ ಲಾರಿ ಬಂದಾಗ ಕುಡೀಲಿ. ಬೇಗ ಮುಗ್ಸಿ ತೊಲಗ್ರಿ. ಹಣ್ಣಿಗೆ ಹೊಗೆ ಹಿಡೀತೈತೆ, ಕೊಯ್ಯೋರು ಕೆಳಗೆ ಕಾಯ್ತಾವ್ರೆ."

ಬೀಗ ಒಡೆಯುವ ಅಧಿಕಾರ ಕ್ಯಾಪ್ಟನ್‌ಗೆ ಇರಲಿಲ್ಲ. ಇದ್ದಿದ್ದರೂ ಒಡೆಯುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಸಾಲಿನ ಕೊನೆಯವನು ಕೈಗವಸು ತೆಗೆದು, ಹಿಂಗೈಯಿಂದ ಬೂದಿ ಮುಟ್ಟಿ ನೋಡಬೇಕು. ಅವನು 'ತಣ್ಣಗೈತೆ' ಎಂದು ಕೂಗುವವರೆಗೆ ತಂಡ ಕದಲುವುದಿಲ್ಲ, ಕೆಳಗಿನ ರಸ್ತೆಯೂ ತೆರೆಯುವುದಿಲ್ಲ. ಅಂದು ಕೊನೆಯವನು ಇಸಿದ್ರೊ. ಶುಕ್ರವಾರ ಅವನ ಬಿಡುಗಡೆ, ಕ್ಯಾಪ್ಟನ್ ಒಳ್ಳೆಯ ಮಾತು ಹೇಳಿದರೆ. ಮನೆಯಲ್ಲಿ ಅಜ್ಜಿ ಆಗಲೇ ತಮಾಲೆ ಕಡುಬಿಗೆ ಮೆಕ್ಕೆಜೋಳ ನೆನೆಹಾಕುವ ಮಾತಾಡುತ್ತಿದ್ದಳು.

ಇಸಿದ್ರೊ ಕುಕ್ಕರಗಾಲಲ್ಲಿ ಕೂತು ಬೂದಿ ಮುಟ್ಟಿದ. ತಣ್ಣಗಿತ್ತು.

"ಬಿಸಿ ಐತೆ," ಎಂದ. "ನೀರು ಹಾಕ್ಬೇಕು ಕ್ಯಾಪ್ಟನ್. ನಲ್ಲಿ ಇಲ್ಲೇ ಐತೆ."

ಕ್ಯಾಪ್ಟನ್ ಬಗ್ಗಿ ತಾನೂ ಮುಟ್ಟಿದ. ಹುಡುಗನ ಮುಖ ನೋಡಿದ.

"ಶುಕ್ರವಾರ ಮನೆಗೋಗೋನು ಕಣ್ಲಾ ನೀನು. ಸುಳ್ಳು ಕೂಗಿದ್ರೆ ಏನಾಗ್ತದೆ ಗೊತ್ತಲ್ಲ?"

ಇಸಿದ್ರೊಗೆ ಅಜ್ಜಿಯ ನೆನಪಾಯಿತು. ಮತ್ತೆ ಬೂದಿಗೆ ಹಿಂಗೈಯಿಟ್ಟ.

"ಬಿಸಿನೇ ಐತೆ."

ಕ್ಯಾಪ್ಟನ್ ಇನ್ನೊಬ್ಬನನ್ನು ಕರೆದ. ಅವನು ಮುಟ್ಟಿ, "ಸುಡ್ತೈತೆ," ಎಂದ. ಅವನ ಹಿಂದಿನವನು ಕೈ ಒದರಿಕೊಂಡು, "ಬೊಬ್ಬೆ ಬಂತು ನೋಡಿ," ಎಂದ.

ಕೆಳಗೆ ಕೊಯ್ಯುವವರ ಲಾರಿಗಳು ಹಾರ್ನ್ ಹೊಡೆಯತೊಡಗಿದವು. ಹಾಲ್ವರ್ಸನ್ ದುಡುದುಡು ಬಂದು, ಮಂಡಿಯೂರಿ ಬೂದಿಗೆ ಕೈಯಿಟ್ಟ.

"ತಣ್ಣಗೈತಲ್ಲೋ ಸೂಳೇಮಕ್ಳಾ."

"ನೀವು ಕೂಗಿದ್ರೆ ನಡೆಯಲ್ಲ ಸಾರ್," ಎಂದ ಇಸಿದ್ರೊ. "ಈ ಅಂಗಿಯೋರೇ ಕೂಗ್ಬೇಕು."

ಹಾರ್ನ್ ನಿಲ್ಲಲಿಲ್ಲ. ಹಾಲ್ವರ್ಸನ್ ಕ್ಯಾಪ್ಟನ್ ಕಡೆ ನೋಡಿದ. ಕ್ಯಾಪ್ಟನ್ ಗುಡ್ಡ ನೋಡುತ್ತಿದ್ದ. ಕೊನೆಗೆ ಕೀಲಿ ಜೇಬಿನಿಂದ ಹೊರಬಂತು.

ಟೆರಿಯನ್ ಕುಡಿದ, ಕೆಮ್ಮಿದ, ಮತ್ತೆ ಕುಡಿದ. ಉಳಿದವರೂ ಕುಡಿದರು. ಬೂದಿಗೂ ಒಂದು ಬೊಗಸೆ ಹಾಕಿ ಇಸಿದ್ರೊ ಹಿಂಗೈಯಿಟ್ಟು, "ತಣ್ಣಗೈತೆ," ಎಂದು ಕೂಗಿದ.

"ಶುಕ್ರವಾರ ಹೋಯ್ತು ನಿಂದು," ಎಂದ ಕ್ಯಾಪ್ಟನ್.

"ಗೊತ್ತು."

ಹಾಲ್ವರ್ಸನ್ ನಲ್ಲಿಗೆ ಮತ್ತೆ ಬೀಗ ಹಾಕುತ್ತಿದ್ದ. ಇಸಿದ್ರೊ ಒದ್ದೆ ಕೈಗೇ ಕೈಗವಸು ಏರಿಸಿಕೊಂಡು ಟೆರಿಯನ್‌ನ ಗುದ್ದಲಿಯನ್ನೂ ಹೆಗಲಿಗೆ ಹಾಕಿಕೊಂಡ.