ತವರಿಗೆ ಹೊರಟ ಹಂಸದ ಮರಿಗಳು

ಆ ವರ್ಷ ಕೆರೆಯ ನೀರು ತಿಳಿಯಾಗಲೇ ಇಲ್ಲ. ನೀರು ತಿಳಿಗೊಳಿಸುವ ಚಿಲ್ಲದ ಬೀಜ ತೇಯ್ದು ಹಾಕಿದರೂ ಕೊಡದ ತಳದಲ್ಲಿ ಎರಡು ಬೆರಳು ರಾಡಿ. ಊರೆಲ್ಲ ಗೊಣಗುತ್ತಿತ್ತು. ಕಳಕಮ್ಮನಿಗೆ ಮಾತ್ರ ಅದರ ಚಿಂತೆಯೇ ಇರಲಿಲ್ಲ. ಆಕೆಯ ಕಣ್ಣೆಲ್ಲ ಕೆರೆಯ ಹಂಸಗಳ ಮೇಲೆ!

ಐದು ವರ್ಷದ ಹಿಂದೆ, ಸಾವಿರದ ಒಂಬೈನೂರ ಮೂವತ್ತಾರನೆಯ ಇಸವಿಯಲ್ಲಿ, ಊರ ಸಾಹುಕಾರರು ಹೈದರಾಬಾದಿನಿಂದ ಒಂದು ಜೋಡಿ ಸೀಮೆ ಹಂಸ ತರಿಸಿ ಕೆರೆಗೆ ಬಿಟ್ಟಿದ್ದರು. ಈಗ ಅವು ಹನ್ನೊಂದು. ಅಬ್ಬಬ್ಬಾ, ಏನು ಬಿಳುಪು, ಏನು ಗತ್ತು! ಹಂಸ ನೀರು ಬಿಟ್ಟು ಹಾಲನ್ನಷ್ಟೇ ಕುಡಿಯುತ್ತದೆ ಎಂದು ನಂಬಿದ್ದ ಕಳಕಮ್ಮ ಸೋಮವಾರಕ್ಕೊಮ್ಮೆ ನೀರು ಬೆರೆಸಿದ ಹಾಲನ್ನು ತಟ್ಟೆಯಲ್ಲಿಟ್ಟು ಕೈಮುಗಿಯುತ್ತಿದ್ದಳು. ಈಗ ದೀಪಾವಳಿಗೆ ತವರಿಗೆ ಹೊರಟವಳು, ಸಾಹುಕಾರರನ್ನು ಕೇಳಿ ಎರಡು ಮರಿಗಳನ್ನು ಬುಟ್ಟಿಯಲ್ಲಿಟ್ಟುಕೊಂಡಿದ್ದಳು. ಹನುಮಸಾಗರದ ಕಡೆಯ ತವರೂರಿನ ಕೆರೆಗೆ ಬಿಡುವ ಆಸೆ. ಗಂಡ ದೊಡ್ಡಬಸಪ್ಪ ಬಂಡಿ ಹೂಡಿಯಾಗಿತ್ತು.

ಕೆರೆಯಲ್ಲಿ ಬಲೆ ಹಾಕುವ ಶಾಮೀದಸಾಬ ಬಂಡಿಗೆ ಅಡ್ಡ ನಿಂತ.

"ಅಕ್ಕಾರ, ತವರಿಗೆ ರಾಡಿನೀರು ಒಯ್ಯಾಕ ಹತ್ತೀರಿ."

"ಬಿಡ್ತು ಅನ್ನೋ ಶಾಮೀದಣ್ಣ! ಸರಸ್ವತಿ ಏರೋ ಹಕ್ಕಿ ಇದು. ನಮ್ಮ ತಮ್ಮನ ಊರಿಗೂ ಕಳಿ ಬರ್ಲಿ."

"ಛಂದ ಅದಾವ, ಇಲ್ಲ ಅನ್ನಂಗಿಲ್ರಿ. ನಾನೂ ಬಲಿ ಮರ್ತು ನೋಡ್ಕೋತ ನಿಂತೀನಿ. ಆದ್ರ ನಿಮ್ಮ ಹಾಲು ಒಂದಿನಾರ ಮುಟ್ಯಾವೇನು? ಬರ್ರಿ, ಏನು ತಿಂತಾವ ನೋಡೂಣು."

ದಂಡೆಯಲ್ಲಿ ಹಾಲಿನ ತಟ್ಟೆಗೆ ಇರುವೆ ಮುತ್ತಿದ್ದವು. ಆಚೆ ಹಂಸವೊಂದು ಉದ್ದ ಕೊರಳನ್ನು ಮುಳುಗಿಸಿ ನೀರಹುಲ್ಲನ್ನು ಬೇರುಸಹಿತ ಕಿತ್ತಿತು. ತಳದ ರಾಡಿ ಮೇಲೆದ್ದಿತು. ತೇಲಿ ಬಂದ ಒಂದು ಎಳೆಯನ್ನು ಶಾಮೀದಸಾಬ ಕಳಕಮ್ಮನ ಅಂಗೈ ಮೇಲಿಟ್ಟ. ಅದರ ತುಂಬ ಸಾಸಿವೆಯಷ್ಟು ಬಸವನಹುಳುಗಳು, ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಸೀಗಡಿ ಮರಿಗಳು ಮಿಸುಕಾಡುತ್ತಿದ್ದವು.

"ಯವ್ವಾ! ಒಂದು ಎಳಿಯಾಗ ಇಷ್ಟು ಜೀವಾನ?" ಕಳಕಮ್ಮನಿಗೆ ಮೈ ಜುಮ್ಮೆಂದಿತು.

"ಈ ಹುಲ್ಲು ರಾಡಿ ಏಳದಂಗ ಹಿಡ್ಕೊಂಡಿರತೈತ್ರಿ. ಮೀನಮರಿ ಇದರಾಗ ಅಡಗಿ ಬೆಳಿತಾವ. ಎರಡು ಇದ್ದಾಗ ಗೊತ್ತಾಗಲಿಲ್ಲ. ಹನ್ನೊಂದು ಆದ ಮ್ಯಾಲ ಹುಲ್ಲೂ ಹೋತು, ಮೀನೂ ಹೋತು."

ಆಗಲೇ ಮೇಲೆ ಕೂಗು ಕೇಳಿಸಿತು. ಚಳಿಗಾಲಕ್ಕೆ ತಪ್ಪದೆ ಈ ಕೆರೆಗಿಳಿಯುವ ಹೆಬ್ಬಾತುಗಳು! ಆಕಾಶದಗಲ ಸಾಲು ನೋಡಿ ಕಳಕಮ್ಮ ಉಸಿರು ಬಿಗಿಹಿಡಿದಳು. ಅವು ನೀರು ಮುಟ್ಟುವಷ್ಟರಲ್ಲಿ ಗಂಡು ಹಂಸ ರೆಕ್ಕೆ ಕೆದರಿ, ಬುಸುಗುಡುತ್ತ ಮೈಮೇಲೆ ಹೋಯಿತು. ಹೆಬ್ಬಾತುಗಳು ಮೂರು ಸುತ್ತು ಹಾಕಿ, ಇಳಿಯಲಾಗದೆ ದೂರ ಹೊರಟುಹೋದವು.

ಕಳಕಮ್ಮನ ಕಣ್ಣು ತುಂಬಿತು. "ವರ್ಷಾವರ್ಷಾ ತವರಿಗೆ ಬರೋ ಹೆಣ್ಮಕ್ಕಳನ್ನ ಬಾಗಿಲದಾಗಿಂದ ಹೊಳ್ಳಿ ಕಳಿಸಿದಂಗಾತಲ್ಲೋ ಅಣ್ಣಾ!" ಎಂದವಳೇ ಗಂಡನತ್ತ ತಿರುಗಿದಳು. "ಎತ್ತು ಬಿಚ್ರಿ. ಮೊದ್ಲ ಸಾಹುಕಾರ್ರ ಮನಿಗೆ ನಡೀರಿ."

"ಅದ ಖರೆ," ಎಂದು ದೊಡ್ಡಬಸಪ್ಪ ತಾನೇ ಬುಟ್ಟಿ ಹೊತ್ತ. ಸಾಹುಕಾರರು ಮೊದಲು ಮುಖ ಗಂಟಿಕ್ಕಿದರು. ಆಮೇಲೆ ಕಳಕಮ್ಮ ಕೆರೆಯಿಂದ ತುಂಬಿಸಿ ಒಯ್ದಿದ್ದ ರಾಡಿನೀರಿನ ಕೊಡ ನೋಡಿ ಒಪ್ಪಿದರು. ಹನ್ನೊಂದೂ ಹಂಸಗಳು ಅವರ ತೋಟದ ಕಲ್ಲುಹೊಂಡ ಸೇರಿದವು. ಕಳಕಮ್ಮ ಬರಿಗೈಲಿ, ಒಂದು ದಿನ ತಡವಾಗಿ ತವರಿಗೆ ಹೋದಳು.

ಅಕ್ಕ-ಅಣ್ಣಂದಿರೇ, ತಪ್ಪು ಹಂಸದ್ದಲ್ಲ, ತಂದು ಬಿಟ್ಟವರದ್ದು. ಎಷ್ಟೇ ಚಂದವಿರಲಿ, ಹೊರಗಿನ ಹಕ್ಕಿ, ಮೀನು, ಗಿಡಗಳನ್ನು ನಿಮ್ಮೂರ ಕೆರೆಗೆ ಬಿಡಬೇಡಿ. ಇವತ್ತು ಸಂಜೆ ಕೆರೆ ದಂಡೆಗೆ ಹೋಗಿ, ನೀರಹುಲ್ಲಿನ ಒಂದು ಎಳೆಯನ್ನು ಅಂಗೈ ಮೇಲಿಟ್ಟು ನೋಡಿ. ಅಲ್ಲಿ ಎಷ್ಟು ಜೀವಗಳಿವೆ ಎಂದು ನಿಮ್ಮ ಮಕ್ಕಳಿಗೂ ತೋರಿಸಿ.