ಹೆಬ್ಬೆರಳಿನ ಸೇಡು

"ನೋವಾದ್ರೆ ಬೆರಳೆತ್ತಿ ಅಂತ ಹೇಳಿದ್ದೆ," ಎಂದರು ಅಂಗಾಲು ಒತ್ತುವುದನ್ನು ಹೇಳಿಕೊಡುವ ಮೇಷ್ಟ್ರು.

ಚಾಪೆಯ ಮೇಲೆ ಅಂಗಾತ ಮಲಗಿದ್ದ ಗಂಡ ಹಲ್ಲು ಕಚ್ಚಿಕೊಂಡು ಸೂರು ನೋಡುತ್ತಿದ್ದ. ಬೆರಳು ಮಾತ್ರ ಎತ್ತಲಿಲ್ಲ. ಅವನ ಕಾಲ ಬುಡದಲ್ಲಿ ಕೂತಿದ್ದ ಹೆಂಡತಿ ಹೆಬ್ಬೆರಳನ್ನು ಇನ್ನಷ್ಟು ಒಳಕ್ಕೆ ಊರಿದಳು. ಇಪ್ಪತ್ತು ವರ್ಷ ದರ್ಜಿ ಕೆಲಸದಲ್ಲಿ ಕತ್ತರಿ ಆಡಿಸಿದ ಹೆಬ್ಬೆರಳು ಅದು. ನಾಲ್ಕು ಮಡಿಕೆ ಜೀನ್ಸ್ ಬಟ್ಟೆಯೇ ಅದಕ್ಕೆ ಮಣಿಯುತ್ತಿತ್ತು, ಇನ್ನು ಅಂಗಾಲು ಯಾವ ಮಹಾ.

ಜೂಜು ಬಿಡಿಸುವ ಆ ಕೇಂದ್ರದಲ್ಲಿ ಶನಿವಾರವೆಂದರೆ ಮನೆಯವರ ದಿನ. ಮೊದಲು ಆಪ್ತಸಮಾಲೋಚನೆ, ಆಮೇಲೆ ಉಸಿರಾಟದ ಅಭ್ಯಾಸ, ಕೊನೆಗೆ ಈ ಅಂಗಾಲು ಒತ್ತುವ ಚಿಕಿತ್ಸೆ. ಇದನ್ನು ಮನೆಯವರೇ ಮಾಡಬೇಕೆಂಬುದು ಅಲ್ಲಿನ ಪದ್ಧತಿ. ಸಿಟ್ಟಿನಿಂದ ಮುಟ್ಟುವುದನ್ನೇ ಬಿಟ್ಟವರು ಮತ್ತೆ ಮುಟ್ಟುವಂತಾಗಲಿ ಎಂದು ಯಾರೋ ಪುಣ್ಯಾತ್ಮರು ಮಾಡಿಟ್ಟದ್ದು. ಸಿಟ್ಟು ತೀರಿಸಿಕೊಳ್ಳಲೆಂದೇ ಮುಟ್ಟುವವರೂ ಇರುತ್ತಾರೆ ಎಂಬುದು ಆ ಪುಣ್ಯಾತ್ಮರಿಗೆ ಹೊಳೆದಿರಲಿಲ್ಲ.

ಇನ್ನೊಂದು ಪದ್ಧತಿಯೂ ಇತ್ತು. ಮಾಡಿದ ತಪ್ಪನ್ನು ಮಾಡಿದವನೇ ಬಾಯಿಬಿಟ್ಟು ಹೇಳಬೇಕು, ಮನೆಯವರು ನೆನಪಿಸಬಾರದು. "ತಾನಾಗಿ ಹಣ್ಣಾಗ್ಲಿ ಬಿಡಿ. ನೀವು ಕಿತ್ತರೆ ಕಾಯಿ," ಎನ್ನುತ್ತಿದ್ದರು ಸಮಾಲೋಚನೆಯ ಮೇಡಂ. ಅವನು ಒಂದೊಂದಾಗಿ ಹೇಳುತ್ತಲೇ ಬಂದಿದ್ದ. ಜೂಜಿಗೆಂದು ಮಾರಿದ ಅಮ್ಮನ ಬಳೆ, ತಾನು ಓಡಿಸುತ್ತಿದ್ದ ವ್ಯಾನಿನ ಟೈರು, ಆಸ್ಪತ್ರೆಯಲ್ಲಿದ್ದೇನೆಂದು ಗೆಳೆಯರಿಗೆ ಬಿಟ್ಟ ಬುರುಡೆ. ಹೊಲಿಗೆ ಮೆಷಿನ್ನಿನ ವಿಷಯ ಮಾತ್ರ ಅವನ ಗಂಟಲಿನಿಂದ ಮೇಲೆ ಬಂದಿರಲಿಲ್ಲ.

ಎರಡು ವರ್ಷದ ಹಿಂದೆ ಅವಳು ಗಿರಾಕಿಯ ಮನೆಯಿಂದ ಬಂದಾಗ ಕಿಟಕಿಯ ಪಕ್ಕ ಮೆಷಿನ್ ಇರಲಿಲ್ಲ. ನೆಲದ ಮೇಲೆ ಅದರ ನಾಲ್ಕು ಕಾಲಿನ ಗುರುತು, ಒಂದಿಷ್ಟು ದಾರದ ಚೂರು. "ನಿನ್ನ ತಮ್ಮನ್ನೇ ಕೇಳು. ಮನೇಲಿದ್ದೋನು ಅವನೊಬ್ನೇ," ಎಂದಿದ್ದ ಗಂಡ. ತಮ್ಮ ಕೆಲಸ ಹುಡುಕಿಕೊಂಡು ಬಂದು ಇವರ ಮನೆಯಲ್ಲೇ ಉಳಿದಿದ್ದ. ಸಂಜೆ ಅವನು ಬಾಗಿಲಿಗೆ ಬಂದದ್ದೇ ತಡ, ಒಳಗೆ ಕಾಲಿಡುವ ಮೊದಲೇ ಕೆನ್ನೆಗೆ ಬಾರಿಸಿದ್ದಳು. ಅವನು ಹೊಸಿಲಿನಿಂದಲೇ ಹಿಂದೆ ತಿರುಗಿದವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

ಗಂಡ ಕೇಂದ್ರಕ್ಕೆ ಸೇರಿದ ವಾರವೇ ಮೆಷಿನ್ ರಿಪೇರಿಯವನು ದಾರಿಯಲ್ಲಿ ಸಿಕ್ಕಿದ್ದ. "ನಿಮ್ಮ ಮೆಷಿನ್ ಈಗ್ಲೂ ಬೆಣ್ಣೆ ಥರ ಓಡ್ತಿದೆಯಂತೆ ಅಮ್ಮ. ಯಜಮಾನ್ರು ಯಾಕೆ ಅಷ್ಟು ಅವಸರ ಮಾಡಿ ಮಾರಿದ್ರೋ!" ಅವಳು ಅಲ್ಲೇ ಪಕ್ಕದ ಕಟ್ಟೆಯ ಮೇಲೆ ಕುಸಿದು ಕೂತಿದ್ದಳು. ತಮ್ಮನ ನಂಬರು ಫೋನಿನಲ್ಲೇ ಇತ್ತು. ತಪ್ಪು ಮಾಡಿದವನು ಇವನು, ಇವನೇ ಹೇಳಲಿ ಎಂದು ಒತ್ತದೆ ಬಿಟ್ಟಳು. ಅಲ್ಲಿಯತನಕ ಇವನಿಗೆ ಹೆಬ್ಬೆರಳಿನಲ್ಲೇ ನರಕ ತೋರಿಸುತ್ತೇನೆ ಎಂದುಕೊಂಡಳು.

ಅದರ ಫಲ ನೋಡಿದರೆ ಹೊಟ್ಟೆ ಉರಿಯಬೇಕು. ಇವನ ಮುಖದಲ್ಲಿ ಕಳೆ ಬಂತು, ಊಟ ಸೇರತೊಡಗಿತು, ಕೈನಡುಕ ನಿಂತಿತು. "ಎಲ್ಲಾ ನನ್ನ ಹೆಂಡತಿ ಕೈಗುಣ," ಎಂದು ಗುಂಪಿನ ಮುಂದೆ ಹೇಳಿಯೂ ಬಿಟ್ಟ. ಉಳಿದ ಹೆಂಗಸರು, ನಮಗೂ ಸ್ವಲ್ಪ ಹೇಳಿಕೊಡಿ ಎಂದು ಇವಳ ಸುತ್ತ ನೆರೆದರು.

ಇವತ್ತು ಐದನೆಯ ಶನಿವಾರ. ಅವನ ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಮೇಷ್ಟ್ರು ಮುಂದಿನ ಚಾಪೆಗೆ ಹೋದಮೇಲೆ ಅವನು ಪಿಸುಗುಟ್ಟಿದ, "ಇನ್ನೂ ಜೋರಾಗಿ ಒತ್ತು. ನಂಗಿದು ಆಗಬೇಕಾದ್ದೇ."

ಅವಳ ಕೈ ನಿಂತಿತು. "ನಂಗೆ ಗೊತ್ತಾಗಿದೆ ಅಂತ ನಿಮಗೆ ಗೊತ್ತು."

"ಮೊದಲ್ನೇ ಶನಿವಾರ ನೀನು ಕಾಲು ಹಿಡಿದಾಗ್ಲೇ ಗೊತ್ತಾಯ್ತು ಕಣೇ."

ಅವಳಿಗೆ ಮೈಯೆಲ್ಲ ಹತ್ತಿ ಉರಿಯಿತು. ಐದು ವಾರದಿಂದ ಇವನು ಬಾಯಿಂದ ತೆರಬೇಕಾದ ದಂಡವನ್ನು ಕಾಲಿನಲ್ಲಿ ತೆತ್ತು ಹಗುರಾಗುತ್ತಿದ್ದಾನೆ, ತಾನು ಕೂತು ವಸೂಲಿ ಮಾಡಿಕೊಡುತ್ತಿದ್ದೇನೆ! ಹೆಬ್ಬೆರಳನ್ನು ತೆಗೆದಳು. ಬಟ್ಟಲಿನಿಂದ ಅಂಗೈಗೆ ಎಣ್ಣೆ ಸುರಿದುಕೊಂಡು, ಎಳೆಗೂಸಿನ ಪಾದ ತಿಕ್ಕುವಂತೆ ಮೆಲ್ಲಗೆ ಸವರತೊಡಗಿದಳು.

"ಒತ್ತೇ."

"ಇಲ್ಲ."

"ನಿನ್ನ ಕಾಲಿಗೆ ಬೀಳ್ತೀನಿ, ಒತ್ತು."

"ಕಾಲಿಗೆ ಬೀಳೋಕೆ ಮೊದ್ಲು ನಿಮ್ಮ ಕಾಲು ನನ್ನ ಕೈಯಿಂದ ಬಿಡಿಸ್ಕೊಳ್ಳಿ. ಸುಮ್ನೆ ಮಲಗಿ."

ಅವಳು ಸವರುತ್ತಲೇ ಹೋದಳು. ಹಿಮ್ಮಡಿ, ಹರಡು, ಒಂದೊಂದೇ ಬೆರಳಿನ ಸಂದು. ಅವನು ಮೊಣಕೈಯಿಂದ ಮುಖ ಮುಚ್ಚಿಕೊಂಡ. ಅವನ ಹೊಟ್ಟೆ ಬಿಕ್ಕಿಗೆ ಕುಲುಕುವುದು ಕಂಡಾಗ ಅವಳಿಗೆ ಆದ ಸಂತೋಷ ಇಷ್ಟಿಷ್ಟಲ್ಲ. ಕೊನೆಗೆ ಅವನು ಕಾಲು ಕಿತ್ತುಕೊಂಡು ಎದ್ದು ಕೂತ. "ನಿನ್ನ ಫೋನ್ ಕೊಡು. ನಿನ್ನ ತಮ್ಮನಿಗೆ ಹೇಳ್ತೀನಿ."

ಎಣ್ಣೆಗೈಗೆ ಫೋನು ಜಾರುತ್ತಿತ್ತು. ತಮ್ಮನ ನಂಬರು ಒತ್ತಿ, ತನಗೂ ಕೇಳುವಂತೆ ಸ್ಪೀಕರ್ ಹಾಕಿ ಅವನ ಕೈಗಿಟ್ಟಳು. ಬಯ್ಯಲಿ, ಇವನ ಜನ್ಮ ಜಾಲಾಡಲಿ ಎಂದು ಕಿವಿಯಾದಳು.

"ಅಕ್ಕಾ?"

"ನಾನು ಕಣೋ, ನಿನ್ನ ಭಾವ. ಮೆಷಿನ್ ಮಾರಿದ್ದು ನಾನು. ನಿನ್ನ ತಲೆಗೆ ಕಟ್ಟಿದ್ದೂ ನಾನೇ."

ಆ ಕಡೆ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು. "ಗೊತ್ತು ಭಾವ," ಎಂದ ತಮ್ಮ. "ರಿಪೇರಿಗೆ ಅಂತ ವ್ಯಾನಿಗೆ ಹತ್ತಿಸುವಾಗ ಒಂದು ಕಡೆ ಹಿಡಿದಿದ್ದೇ ನಾನಲ್ವಾ."

"ಮತ್ತೆ ಅವತ್ತೇ ಯಾಕೋ ಹೇಳ್ಲಿಲ್ಲ?"

"ಹೇಳೋಣ ಅಂತ ಬಾಯಿ ತೆಗೆದೆ. ಅಕ್ಕ ಹೊಡೆದ್ಲು."

ಪಕ್ಕದ ಚಾಪೆಯಲ್ಲಿ ಯಾರೋ ಕಚಗುಳಿಯಾಗಿ ನಗುತ್ತಿದ್ದರು.

"ಭಾವ, ಅಕ್ಕ ಅಲ್ಲಿದ್ದಾಳಾ?"

ಗಂಡ ಅವಳ ಮುಖ ನೋಡಿದ. ಅವಳು ಇಲ್ಲವೆನ್ನಿ, ಇಲ್ಲವೆನ್ನಿ ಎಂದು ತಲೆಯಾಡಿಸಿದಳು. ಇಷ್ಟು ವರ್ಷ ಕೇಳಿದವರಿಗೆಲ್ಲ ಕೇಳಿದಷ್ಟು ಸುಳ್ಳು ಹೇಳಿದ್ದ ಆ ಮನುಷ್ಯ ಫೋನನ್ನು ಬಾಯಿಯ ಹತ್ತಿರಕ್ಕೆ ತಂದ.

"ಇದ್ದಾಳೆ," ಎಂದು ಫೋನನ್ನು ಅವಳ ಕಡೆ ಚಾಚಿದ.

ಅವಳು ಟವೆಲ್ ಎತ್ತಿಕೊಂಡು ಕೈಯ ಎಣ್ಣೆ ಒರೆಸತೊಡಗಿದಳು. ಬೆರಳು, ಬೆರಳ ಸಂದು, ಅಂಗೈ. ಎಣ್ಣೆಯೆಲ್ಲ ಹೋದಮೇಲೂ ಅಂಗೈಯನ್ನೇ ಒರೆಸುತ್ತಿದ್ದಳು.