ತಾಮ್ರದ ಓಲೆಯ ಮೊಲ

ಸಂಕ್ರಾಂತಿಗೆ ಎರಡೇ ದಿನ ಉಳಿದಿತ್ತು. ಸೂರಪ್ಪನ ಬಲೆಗೆ ಇನ್ನೂ ಒಂದೇ ಒಂದು ಮೊಲವೂ ಬಿದ್ದಿರಲಿಲ್ಲ. ಕಟ್ಟೆಯ ಮೇಲೆ ಕೂತ ಜನ ಅವನ ಮುಖ ನೋಡುತ್ತಿದ್ದರು. ಅವನು ನೆಲ ನೋಡುತ್ತಿದ್ದ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಕಾಲ. ಆನಗೋಡಿನಾಚೆಯ ಆ ಹಟ್ಟಿಯಲ್ಲಿ ಹಿಂದಿನಿಂದ ಬಂದ ಪದ್ಧತಿ ಒಂದಿತ್ತು. ಸಂಕ್ರಾಂತಿಗೆ ಬೋರೆಗುಡ್ಡದ ಕುರುಚಲು ಕಾಡಿನಿಂದ ಒಂದು ಮೊಲವನ್ನು ಜೀವಂತ ಹಿಡಿದು ತರಬೇಕು. ದೇವರ ಮುಂದೆ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ, ಕಿವಿ ಚುಚ್ಚಿ ಓಲೆ ಹಾಕಿ, ಮತ್ತೆ ಅದೇ ಬೋರೆಗೆ ಬಿಡಬೇಕು. ಕೊಲ್ಲುವಂತಿಲ್ಲ, ತಿನ್ನುವ ಮಾತಂತೂ ಇಲ್ಲವೇ ಇಲ್ಲ. ಹಿಡಿಯುವ ಹಕ್ಕು ಸೂರಪ್ಪನ ಮನೆತನದ್ದು. ಅಜ್ಜ ಹಿಡಿದಿದ್ದ, ಅಪ್ಪ ಹಿಡಿದಿದ್ದ, ಹೋದ ವರ್ಷದವರೆಗೆ ಹೇಗೋ ಇವನೂ ಹಿಡಿದಿದ್ದ. ಈ ವರ್ಷ ತಪ್ಪಿದರೆ ಹಕ್ಕು ಬೇರೆ ಮನೆಗೆ ಹೋಗುತ್ತದೆ. ಇಷ್ಟೆತ್ತರದ ಆಳಿನ ಮರ್ಯಾದೆ ಅಷ್ಟುದ್ದದ ಮೊಲದ ಮೇಲೆ ನಿಂತಿತ್ತು ನೋಡಿ!

ಹಾಗಾದರೆ ಮೊಲ ಎಲ್ಲಿ ಹೋದವು? ಅದನ್ನು ಮಂಡಿಪೇಟೆಯ ಬುಡನ್ ಸಾಬ್ ಆ ವಾರವೇ ಹೇಳಿದ್ದರು. ಸೆಣಬಿನ ಹಗ್ಗ, ಬಲೆ ಹೆಣೆದು ಮಾರುವ ಮುದುಕ. ಸೂರಪ್ಪ ಹರಿಹರದ ಇಟ್ಟಿಗೆ ಭಟ್ಟಿಗೆ ಕಟ್ಟಿಗೆ ಇಳಿಸಿ, ಖಾಲಿ ಗಾಡಿ ಹೊಡೆದುಕೊಂಡು ಬರುವಾಗ ಅವರ ಅಂಗಡಿ ಮುಂದೆ ನಿಲ್ಲಿಸಿದ್ದ.

"ಸಾಬ್ರೆ, ಬಲೆ ಸ್ವಲ್ಪ ನೋಡ್ರಿ. ಎಲ್ಲೋ ಹರಿದೈತೆ. ಮೊಲ ನುಣುಚ್ಕೊಂಡು ಹೋಗ್ತಾವೆ."

ಬುಡನ್ ಸಾಬ್ ಬಲೆಯನ್ನು ತೊಡೆಯ ಮೇಲೆ ಹರವಿಕೊಂಡು ಒಂದೊಂದೇ ಗಂಟು ಮುಟ್ಟಿ ನೋಡಿದರು.

"ಒಂದು ಎಳೆನೂ ಹರಿದಿಲ್ಲ ಸೂರಪ್ಪ. ನಿಮ್ಮಪ್ಪ ವರ್ಷಾ ವರ್ಷಾ ಹರಿದ ಬಲೆ ಹೊತ್ಕೊಂಡು ಬರ್ತಿದ್ದ, ನಾನು ಕೂತು ಕಟ್ಟಿಕೊಡ್ತಿದ್ದೆ. ಹತ್ತಾರು ಮೊಲ ಬಡಿದ್ರೆ ಬಲೆ ಹರೀಬೇಕು. ನಾಲ್ಕು ವರ್ಷ ಆತು, ವರ್ಷಕ್ಕೊಂದು ಬಿದ್ರೆ ಹೆಚ್ಚು, ನಿಂದು ಹೊಸಾದು ಹೊಸಾದಾಗೇ ಐತೆ."

"ಗಟ್ಟಿ ಹೆಣದೀನಿ ಅಂತ ಖುಷಿ ಪಡ್ರಿ!"

"ಖುಷಿ ಎಲ್ಲಿಂದ ಬರ್ಬೇಕು ಮಾರಾಯ? ಹರಿಹರಕ್ಕೆ ಏನು ಒಯ್ದಿದ್ದೆ?"

"ಕಟ್ಟಿಗೆ. ಕಾರೆ, ಬಂದರೆ, ತಂಗಡಿ. ಬೋರೇದು."

"ಅದು ಕಟ್ಟಿಗೆ ಅಲ್ಲ, ಮೊಲದ ಮನಿ. ನಮ್ಮ ಮೊಲ ಬಿಲ ತೋಡಂಗಿಲ್ಲ. ಹಗಲೆಲ್ಲ ಪೊದೆ ಬುಡದಾಗೇ ಮಲಗ್ತೈತೆ, ಮರಿ ಹಾಕೋದೂ ಅಲ್ಲೇ. ನೀನು ಮನೀನೇ ಗಾಡಿಗೆ ಏರಿಸಿದ್ರೆ ಅದು ಎಲ್ಲಿ ಇರ್ಬೇಕು?"

"ಕಡಿದ್ರೆ ಮಳೆಗೆ ಚಿಗುರ್ತಾವೆ ಬಿಡ್ರಿ."

"ಚಿಗುರಾಕ ಬಿಡ್ತೀರಾ? ಹುಲ್ಲು ಒಣಗಿದ್ರೆ ಸಾಕು, ಬೆಂಕಿ ಇಡ್ತೀರಿ. ಮುಂಗುಸಿ, ಕಾಡುಬೆಕ್ಕು ಅಲ್ಲೇ ಇದ್ದವು, ಅವೂ ಹೋದವು. ಹೊಲದಾಗ ಇಲಿ ಹೆಚ್ಚ್ಯಾವೆ ಅಂತ ಅಳ್ತೀರಲ್ಲ, ಇಲಿ ತಿನ್ನೋವ್ನ ಓಡಿಸಿದೋರು ಯಾರು?"

ಸೂರಪ್ಪ ನಕ್ಕುಬಿಟ್ಟ. "ಬಲೆ ಮಾರೋರು ಮೊಲದ ಪರ ವಕೀಲಿ ಮಾಡೋದು ಇವತ್ತೇ ಕೇಳಿದ್ದು!"

"ನಗು ನಗು. ಪಡುವಲ ತಗ್ಗಿನಾಗ ಒಂದು ತುಂಡು ಪೊದೆ ಉಳಿದೈತಂತೆ. ಅದನ್ನಾದ್ರೂ ಬಿಡಪ್ಪ."

ಬಿಟ್ಟನೇ ಪುಣ್ಯಾತ್ಮ? ಹಬ್ಬದ ಹಿಂದಿನ ದಿನ ಅದೇ ತಗ್ಗಿಗೆ ಹೋದ. ಒಂದು ಕಡೆ ಬಲೆ ಕಟ್ಟಿ, ಇನ್ನೊಂದು ಕಡೆ ಬೆಂಕಿ ಇಡಲು ಹೊರಟ. ಹೊಗೆಗೆ ಹೆದರಿ ಮೊಲ ಬಲೆಯತ್ತ ಓಡಿ ಬರಲಿ ಎಂಬುದು ಅವನ ಲೆಕ್ಕ.

ಜೊತೆಗೆ ಬಂದಿದ್ದ ಹೆಂಡತಿ ಉಡಚಮ್ಮ ಕೈ ಹಿಡಿದಳು. "ಬೆಂಕಿ ಬ್ಯಾಡ ಕಣ್ರಿ. ಇದೊಂದೇ ಉಳಿದಿರೋದು."

"ನಾಳೆ ಹತ್ತು ಜನದ ಮುಂದೆ ಬರಿಗೈಲಿ ನಿಲ್ಲೋನು ನಾನು, ನೀನಲ್ಲ!"

ಅವಳು ಕೈ ಬಿಟ್ಟಳು, ಅವನು ಕಡ್ಡಿ ಗೀರಿದ. ಗಾಳಿ ಇತ್ತು. ಒಣಹುಲ್ಲು ಚಟಚಟ ಎಂದು ಹತ್ತಿತು. ಹೊಗೆಯ ಒಳಗಿಂದ ಒಂದು ಮೊಲ ನೆಗೆದು ಬಂದು ಬಲೆಗೆ ಬಡಿಯಿತು. ಕಣ್ಣು ಉರಿಯುತ್ತಿದ್ದರೂ ಸೂರಪ್ಪ ಅದನ್ನು ಹಿಡಿದು ಬುಟ್ಟಿಗೆ ತುಂಬಿ ಗೋಣಿ ಮುಚ್ಚಿದ. ಮರ್ಯಾದೆ ಉಳಿಯಿತೆಂದು ಊರೆಲ್ಲ ಕೇಳುವಂತೆ ಕೂಗಿಕೊಂಡೇ ಬಂದ.

ಮರುದಿನ ದೇವರ ಮುಂದೆ ಉಡಚಮ್ಮ ಮೊಲವನ್ನು ಮಡಿಲಲ್ಲಿ ಹಿಡಿದಳು. ಸೂರಪ್ಪ ಸೂಜಿ ತೆಗೆದುಕೊಂಡು ಕಿವಿಯ ಮಸಿ ಒರೆಸಿದ. ಒರೆಸಿದವನ ಕೈ ಅಲ್ಲೇ ನಿಂತಿತು.

ಕಿವಿಯಲ್ಲಿ ಆಗಲೇ ತೂತಿತ್ತು. ತೂತಿನಲ್ಲಿ ಕಪ್ಪಾದ ತಾಮ್ರದ ಓಲೆ. ಮೂರು ಸುತ್ತು ತಿರುಚಿದ ತಂತಿ. ಹಾಗೆ ತಿರುಚುವವನು ಹಟ್ಟಿಯಲ್ಲಿ ಸೂರಪ್ಪ ಒಬ್ಬನೇ. ಹೋದ ಸಂಕ್ರಾಂತಿಗೆ ಅವನೇ ಹಾಕಿ ಬಿಟ್ಟಿದ್ದ ಮೊಲ ಅದು!

"ಹೋದ ವರ್ಷದ್ದೇ," ಎಂದ. "ಇಡೀ ಬೋರೆಗೆ ಇದೊಂದೇ ಉಳಿದಿತ್ತೇನು?"

ಉಡಚಮ್ಮ ತನ್ನ ಅಂಗೈ ನೋಡಿಕೊಂಡಳು. ಒದ್ದೆಯಾಗಿತ್ತು. ಮೊಲದ ಹೊಟ್ಟೆ ಮುಟ್ಟಿ ನೋಡಿದಳು.

"ಅಯ್ಯೋ ನಮ್ಮವ್ವಾ... ಇದಕ್ಕೆ ಹಾಲು ಬರಾಕತ್ತೈತೆ. ಮರಿ ಅದಾವೆ ಇದಕ್ಕೆ!"

ಪೂಜೆ ಅಲ್ಲಿಗೇ ನಿಂತಿತು. ಮೊಲವನ್ನು ಬುಟ್ಟಿಗೆ ಹಾಕಿಕೊಂಡು ಗಂಡ ಹೆಂಡತಿ ತಗ್ಗಿಗೆ ಓಡಿದರು. ಬುಟ್ಟಿ ಇಳಿಸಿ ಗೋಣಿ ತೆಗೆದದ್ದೇ ತಡ, ಮೊಲ ಬೂದಿಯಲ್ಲಿ ನೇರವಾಗಿ ಓಡಿ ಒಂದು ಸುಟ್ಟ ಕಾರೆಗಿಡದ ಬುಡಕ್ಕೆ ಹೋಯಿತು. ಮೂಸಿತು. ಸುತ್ತು ಬಂದು ಮತ್ತೆ ಮೂಸಿತು. ಅಲ್ಲಿ ಮುಷ್ಟಿಯಷ್ಟು ಗಾತ್ರದ ಎರಡು ಮರಿಗಳು ಸೀದು ಬಿದ್ದಿದ್ದವು. ತಾಯಿ ಬಹಳ ಹೊತ್ತು ಅಲ್ಲೇ ಕೂತಿತು. ಅಡಗಿಕೊಳ್ಳಲು ಒಂದು ಗಿಡವೂ ಇಲ್ಲದ ಬಯಲು. ಆಮೇಲೆ ಎದ್ದು ಹೊಲಗಳನ್ನು ದಾಟಿ ಹೋಯಿತು. ಮತ್ತೆ ಅದನ್ನು ಕಂಡವರಿಲ್ಲ.

ಸೂರಪ್ಪ ಬೂದಿಯಲ್ಲೇ ಕುಸಿದು ಅತ್ತ. "ಓಲೆ ಹಾಕಿದ ಕೈಲೇ ಬೆಂಕಿ ಇಟ್ಟೆ ಕಣೇ," ಎಂದ. ಉಡಚಮ್ಮ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಅಂದಿನಿಂದ ಅವನು ಬೋರೆಯ ಹಸಿ ಗಿಡಕ್ಕೆ ಕೊಡಲಿ ಹಾಕಲಿಲ್ಲ. ಗಾಡಿಯಲ್ಲಿ ಕಟ್ಟಿಗೆ ಬದಲು ಬುಡನ್ ಸಾಬರ ಹಗ್ಗದ ಹೊರೆ ಹೇರಿ ಹಳ್ಳಿಹಳ್ಳಿಗೆ ಒಯ್ದ. ಒಣಹುಲ್ಲಿನ ಕಾಲಕ್ಕೆ ಗಂಡ ಹೆಂಡತಿ ಸರದಿಯ ಮೇಲೆ ತಗ್ಗು ಕಾದರು. ಪೊದೆ ಮೊದಲ ವರ್ಷ ಮೊಣಕಾಲೆತ್ತರ, ಮೂರನೆಯ ವರ್ಷ ಎದೆಯೆತ್ತರ ಬೆಳೆಯಿತು. ಮೊಲದ ಹಕ್ಕನ್ನು ಅವನು ತಾನಾಗಿಯೇ ಬಿಟ್ಟುಕೊಟ್ಟ. ಹಟ್ಟಿಯವರು ಬೇರೆ ಮನೆಗೆ ಕೊಟ್ಟು ನೋಡಿದರು. ಅವರೂ ಬರಿಗೈಯಲ್ಲೇ ಬಂದರು.

ಆ ವರ್ಷಕ್ಕೆಂದು ಸೂರಪ್ಪ ತಿರುಚಿಟ್ಟಿದ್ದ ಹೊಸ ಓಲೆ ಉಡಚಮ್ಮನ ದೀಪದ ಗೂಡಿನಲ್ಲೇ ಉಳಿಯಿತು. ಅದನ್ನು ಹಾಕಲು ಒಂದು ಕಿವಿಯೂ ಇಂದಿಗೂ ಬಂದಿಲ್ಲ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮೂರ ಬೋರೆಯ ಮೇಲೆ ಇನ್ನೂ ನಾಲ್ಕು ಪೊದೆ ಇವೆಯೇ? ಅವುಗಳ ಬುಡದಲ್ಲಿ ಯಾರೋ ಮಲಗಿದ್ದಾರೆ ಎಂದುಕೊಳ್ಳಿ. ಒಲೆಗೆ ಒಣಗಿ ಬಿದ್ದದ್ದನ್ನು ಆರಿಸಿಕೊಳ್ಳಿ, ಹಸಿ ಪೊದೆ ಕಡಿಯಬೇಡಿ. ಹುಲ್ಲಿಗೆ ಕಡ್ಡಿ ಗೀರಬೇಡಿ, ಗೀರುವವರ ಕೈ ಹಿಡಿಯಿರಿ. ಉಡಚಮ್ಮ ಹಿಡಿದಳು, ಆದರೆ ಬಿಟ್ಟುಬಿಟ್ಟಳು. ನೀವು ಬಿಡಬೇಡಿ. ಸೂರಪ್ಪನಿಗೆ ಬುದ್ಧಿ ಬಂತು, ಮೊಲ ಬರಲಿಲ್ಲ. ನಿಮ್ಮ ಬೋರೆಯಲ್ಲಿ ಮೊಲ ಇನ್ನೂ ಇದೆ.